ಹಣೆಗೆ ಕಟ್ಟಿದ ತಕ್ಕಡಿ

ಮಾರ್ಕೆಟ್ಟಿನಲ್ಲಿ ಎಲ್ಲರೂ ಅವನನ್ನು ಮುಳ್ಳಣ್ಣ ಎಂದೇ ಕರೆಯುತ್ತಿದ್ದರು. ತಕ್ಕಡಿಯ ನೆತ್ತಿಯಲ್ಲಿ ನಿಂತು ಅತ್ತ ವಾಲಿತೋ ಇತ್ತ ವಾಲಿತೋ ಎಂದು ಹೇಳುವ ಮುಳ್ಳನ್ನು ನೆಟ್ಟಗೆ ನಿಲ್ಲಿಸುವುದು ಅವನ ಕಸುಬು. ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯ ಕಾಗದದಲ್ಲಿ ಮಾತ್ರ ಉಳಿದಿತ್ತು. ಅಲ್ಲಿ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವನು ಪಕ್ಕದಲ್ಲಿ ಕೂತವನ ಮುಖ ನೋಡುತ್ತಿದ್ದ.

ತರಕಾರಿ ಸಾಲು ಮುಗಿದು ಧಾನ್ಯದ ಮಳಿಗೆಗಳು ಶುರುವಾಗುವ ಕಡೆ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವನ ಅಂಗಡಿ. ಒಳಗೆ ಹೋಗುವವರು ತಲೆ ಬಗ್ಗಿಸಲೇಬೇಕು. ‘ಎಂಥೆಂಥ ದೊಡ್ಡ ವ್ಯಾಪಾರಿಗಳೂ ನನ್ನ ಮುಂದೆ ತಲೆ ಬಗ್ಗಿಸಿಯೇ ಬರೋದು’ ಎಂದು ಅವನು ಹೇಳಿಕೊಳ್ಳುತ್ತಿದ್ದುದು ಸುಳ್ಳೇನಲ್ಲ, ಮೆಟ್ಟಿಲಿನ ಪಾಲನ್ನು ಮಾತ್ರ ಅವನು ಹೇಳುತ್ತಿರಲಿಲ್ಲ. ಗೋಡೆಯ ತುಂಬ ನೇತುಬಿದ್ದ ದಂಡಿಗೆಗಳು, ನೆಗ್ಗಿದ ತಟ್ಟೆಗಳು, ಸ್ಪ್ರಿಂಗು ಕಳಚಿದ ಗಡಿಯಾರದ ಮುಖದ ತಕ್ಕಡಿಗಳು. ಮೂಲೆಯ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಅಸಲಿ ತೂಕದ ಕಲ್ಲುಗಳು; ಅವನ್ನು ಅವನ ಹೆಂಡತಿಯೂ ಮುಟ್ಟುವಂತಿರಲಿಲ್ಲ. ಬೆರಳಿನ ಬೆವರೂ ತೂಕವೇ ಎಂಬುದು ಅವನ ಸಿದ್ಧಾಂತ.

ತೂಕದಲ್ಲಿ ಮೋಸ ಮಾಡುವ ದಾರಿಗಳೆಲ್ಲ ಅವನಿಗೆ ಕಂಠಪಾಠ. ತಟ್ಟೆಯ ಕೆಳಗೆ ಮೇಣ ಮೆತ್ತುವುದು, ಕಲ್ಲಿನ ಬುಡದ ಸೀಸ ಕೆರೆದು ತೆಗೆಯುವುದು, ಶುರುವಿನಲ್ಲೇ ಮುಳ್ಳನ್ನು ಸೊನ್ನೆಯಿಂದ ಒಂದು ಕೂದಲಷ್ಟು ಆಚೆ ನಿಲ್ಲಿಸುವುದು. ಎಲ್ಲಕ್ಕಿಂತ ಹಳೆಯದು ಹೆಬ್ಬೆಟ್ಟು: ಗಿರಾಕಿಯ ಮನೆಮಂದಿಯ ಕ್ಷೇಮ ವಿಚಾರಿಸುತ್ತ ತಟ್ಟೆಯ ಅಂಚಿಗೆ ಹೆಬ್ಬೆಟ್ಟು ಒರಗಿಸುವುದು. ‘ಯಾವನು ನಿನ್ನ ಮಕ್ಕಳ ಬಗ್ಗೆ ವಿಚಾರಿಸ್ತಾನೋ ಅವನ ಕೈ ನೋಡು’ ಎಂದು ಅವನು ಹಮಾಲರಿಗೆ ಪಾಠ ಹೇಳುತ್ತಿದ್ದ.

ಹಮಾಲರಿಗೂ ಅವನಿಗೂ ಹಳೆಯ ನಂಟು. ಹೊತ್ತ ಭಾರಕ್ಕೆ ತಕ್ಕ ಕೂಲಿ ಎಂಬ ಮಾತಿತ್ತು, ಆದರೆ ಭಾರ ಎಷ್ಟೆಂದು ಹೇಳುವ ತಕ್ಕಡಿ ವ್ಯಾಪಾರಿಯದೇ. ಆ ತಕ್ಕಡಿಯಲ್ಲಿ ಮೂಟೆ ಹೂವಾಗುತ್ತಿತ್ತು, ಬೆನ್ನ ಮೇಲೆ ಮತ್ತೆ ಕಬ್ಬಿಣವಾಗುತ್ತಿತ್ತು. ಮಾರ್ಕೆಟ್ಟಿನ ಬಾಗಿಲಲ್ಲಿ ಎಲ್ಲರಿಗೂ ಸೇರಿದ ಒಂದು ತಕ್ಕಡಿ ಬೇಕೆಂದು ಹಮಾಲರು ಧರಣಿ ಕೂತಾಗ ಮುಳ್ಳಣ್ಣ ತನ್ನ ಐದು ಕಿಲೋ ಕಲ್ಲು ತಂದು ನಡುವೆ ಇಟ್ಟುಕೊಂಡು ಕೂತ. ಪೊಲೀಸರು ಅವನ ಜೊತೆ ಆ ಕಲ್ಲನ್ನೂ ಎತ್ತಿಕೊಂಡು ಹೋಗಿ ಮಾರಕಾಸ್ತ್ರ ಎಂದು ಬರೆದುಕೊಂಡರು. “ಬರ್ಕೊಳ್ಳಿ ಸ್ವಾಮಿ, ಆದ್ರೆ ತೂಗಿ ಬರ್ಕೊಳ್ಳಿ” ಎಂದಿದ್ದಕ್ಕೆ ಎರಡೇಟು ಹೆಚ್ಚಿಗೆ ಬಿತ್ತು. ತಕ್ಕಡಿ ಕೊನೆಗೂ ಬಂತು. ಅದನ್ನು ಉದ್ಘಾಟಿಸಿದವನು ಮಾರ್ಕೆಟ್ಟಿನಲ್ಲೇ ಅತಿ ಸುಳ್ಳು ತಕ್ಕಡಿ ಇಟ್ಟುಕೊಂಡಿದ್ದ ವ್ಯಾಪಾರಿ. ಪ್ರಾಮಾಣಿಕತೆಯ ಬಗ್ಗೆ ಬಹಳ ಹೊತ್ತು ಮಾತಾಡಿದ. ಈಗ ಆ ತಕ್ಕಡಿಯ ಕೊಕ್ಕೆಗೆ ಜನ ಛತ್ರಿ ನೇತುಹಾಕುತ್ತಾರೆ.

ಇಷ್ಟೆಲ್ಲ ತೂಗಿದವನು ಮನುಷ್ಯರ ತಲೆಯನ್ನು ಬಿಟ್ಟಾನೆಯೇ? ಎದುರಿಗೆ ಸಿಕ್ಕವರ ಮಿದುಳನ್ನು ಗ್ರಾಂ ಲೆಕ್ಕದಲ್ಲಿ ಹೇಳಿಬಿಡುವುದು ಅವನ ಚಟ. ಮುನಿಸಿಪಾಲಿಟಿಯ ಸಾಹೇಬರಿಗೆ ಎಪ್ಪತ್ತು ಗ್ರಾಂ. ಹಮಾಲರ ಸಂಘದ ಹೊಸ ಕಾರ್ಯದರ್ಶಿಗೆ ಐವತ್ತು, ‘ಅದರಲ್ಲೂ ಹದಿನೈದು ಬರೀ ಪೊಟ್ಟಣದ ತೂಕ’. ಅತಿ ಕಡಿಮೆ ತೂಗುತ್ತಿದ್ದುದು ಅವನ ಅಳಿಯ. ಮಾವನ ಅಂಗಡಿಗೆ ಎದುರಾಗಿಯೇ ಎಲೆಕ್ಟ್ರಾನಿಕ್ ತಕ್ಕಡಿಗಳ ಅಂಗಡಿ ಇಟ್ಟವನು ಆ ಅಳಿಯ. ಅವನನ್ನು ಏಕವಚನದಲ್ಲಿ ಕರೆಯುವಂತಿಲ್ಲ. ಆದ್ದರಿಂದ ಮುಳ್ಳಣ್ಣ ಬೈಗುಳವನ್ನೂ ಬಹುವಚನದಲ್ಲೇ ಬೈಯುತ್ತಿದ್ದ.

“ಅಳಿಯಂದ್ರೇ, ತಾವು ದಯಮಾಡಿ ಯೋಚನೆ ಮಾಡೋಕೆ ಹೋಗ್ಬೇಡಿ. ತಮ್ಮ ಹತ್ರ ಇರೋದೇ ನಲವತ್ತು ಗ್ರಾಂ, ಖರ್ಚಾಗಿಬಿಟ್ರೆ ನನ್ನ ಮಗಳಿಗೆ ಏನು ಉಳಿಯುತ್ತೆ?”

“ನಿಮ್ಮ ಮಗಳು ಒಪ್ಪಿದ್ದೇ ಆ ನಲವತ್ತು ನೋಡಿ ಮಾವ” ಎನ್ನುತ್ತಿದ್ದ ಅಳಿಯ ತಣ್ಣಗೆ. ಬ್ಯಾಟರಿ ಮಾರುವವನಿಗೆ ತಾಳ್ಮೆ ಜಾಸ್ತಿ.

ಸಕ್ಕರೆ ಕಾಯಿಲೆ ಮುಳ್ಳಣ್ಣನ ಕಿಡ್ನಿಗಳನ್ನು ಸದ್ದಿಲ್ಲದೆ ತಿಂದು ಮುಗಿಸಿತು. ತೂಕ ಕಡಿಮೆ ಮಾಡಬೇಡಿ ಎಂದು ಜೀವಮಾನವಿಡೀ ಗಂಟಲು ಹರಿದುಕೊಂಡವನು ಈಗ ವಾರಕ್ಕೆ ಮೂರು ಸಲ ತೂಕ ಕಡಿಮೆ ಮಾಡಿಸಿಕೊಳ್ಳಲು ಡಯಾಲಿಸಿಸ್ ಕೇಂದ್ರಕ್ಕೆ ಹೋಗತೊಡಗಿದ. ಒಳಗೆ ಹೋಗುವಾಗ ಒಂದು ತೂಕ, ಹೊರಗೆ ಬರುವಾಗ ಇನ್ನೊಂದು. ನಡುವಿನ ವ್ಯತ್ಯಾಸ ಯಂತ್ರ ಹಿಂಡಿ ತೆಗೆದ ನೀರು. ಮೊದಲ ದಿನವೇ ಅವನು ಅಲ್ಲಿನ ತೂಕದ ಯಂತ್ರವನ್ನು ಹತ್ತಲು ಒಪ್ಪಲಿಲ್ಲ. ಚೀಲದಿಂದ ತನ್ನ ಹಿತ್ತಾಳೆ ಕಲ್ಲುಗಳನ್ನು ತೆಗೆದು ಅದರ ಮೇಲಿಟ್ಟು, ಯಂತ್ರ ಸುಳ್ಳು ಹೇಳುತ್ತಿದೆ ಎಂದು ತೀರ್ಪು ಕೊಟ್ಟ. ನಿಜಕ್ಕೂ ಯಂತ್ರ ನೆಟ್ಟಗಿತ್ತು, ನೆಲ ಓರೆಯಾಗಿತ್ತು. ರಟ್ಟು ಮಡಚಿ ಒಂದು ಕಾಲಿನ ಕೆಳಗೆ ತುರುಕಿ ಅಲ್ಲಿನ ರೋಗಿಗಳನ್ನೆಲ್ಲ ತಾನೇ ಉಳಿಸಿದೆ ಎಂಬಂತೆ ಕುರ್ಚಿಯಲ್ಲಿ ಒರಗಿದ.

ಪಕ್ಕದ ಕುರ್ಚಿ ಕಂಡಕ್ಟರನದು. ಬಸ್ಸಿನಲ್ಲಿ ದುಡಿದು ನಿವೃತ್ತನಾದವನು, ಬಾಯಿ ತೆರೆದರೆ ನಗೆ. ಇಬ್ಬರೂ ಕೂತರೆ ನರ್ಸುಗಳು ಕೆಲಸ ಬಿಟ್ಟು ಕೇಳುತ್ತಿದ್ದರು. ಒಂದು ದಿನ ಕಂಡಕ್ಟರನನ್ನು ಹೃದಯದ ಆಪರೇಷನ್ನಿಗೆ ಕರೆದೊಯ್ದರು. ಹೃದಯ ಗಟ್ಟಿಯಾಗಿ ವಾಪಸು ಬಂತು. ಕಂಡಕ್ಟರ್ ಪೂರ್ತಿ ಬರಲಿಲ್ಲ. ಈಗ ಯಾರು ಏನು ಕೇಳಿದರೂ “ಮುಂದೆ ಹೋಗಿ” ಎನ್ನುತ್ತಾನೆ. ನೀರು ಬೇಕೇ ಎಂದರೂ ಮುಂದೆ ಹೋಗಿ, ನೋವಿದೆಯೇ ಎಂದರೂ ಮುಂದೆ ಹೋಗಿ. ಆಪರೇಷನ್ ನಡೆವಾಗ ಮಿದುಳಿಗೆ ಸಾಕಷ್ಟು ರಕ್ತ ಹೋಗದೆ ಹಾಗಾಯಿತು ಎಂದು ಅವನ ಮನೆಯವರಿಗೆ ಯಾರೋ ಹೇಳಿದ್ದರು.

ಹಾಗಾಗಿ ಮುಳ್ಳಣ್ಣನಿಗೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರತೊಡಗಿ, ಹೃದಯದ ಕವಾಟಕ್ಕೆ ಸುಣ್ಣ ಕಟ್ಟಿದೆ, ಎದೆ ತೆರೆದು ಹೊಸದು ಕೂರಿಸಬೇಕು ಎಂದು ಡಾಕ್ಟರು ಹೇಳಿದಾಗ ಅವನು ಹೃದಯದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

“ಸತ್ರೆ ಸಾಯ್ತೀನಿ” ಎಂದ ಮನೆಗೆ ಬಂದು. “ಪೆದ್ದನಾಗಿ ಬದುಕೋಕೆ ನಾನು ತಯಾರಿಲ್ಲ.”

ಹೆಂಡತಿ ಅವನ ಗುಳಿಗೆಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಿದ್ದಳು. “ನಾವೆಲ್ಲ ಇಷ್ಟು ವರ್ಷ ಹಾಗೇ ಬದುಕಿಲ್ವಾ? ನೀವೇ ತೂಗಿ ಹೇಳಿದೀರಲ್ಲ.”

ಆ ಮಾತು ಅವನಿಗೆ ಕವಾಟದ ಸುಣ್ಣಕ್ಕಿಂತ ಹೆಚ್ಚು ನೋವು ಕೊಟ್ಟಿತು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರಮ್ಮನನ್ನು ಒಮ್ಮೆ ಕಂಡು ಮಾತಾಡಲು ಒಪ್ಪಿದ. ಬರೀ ಮಾತು, ಒಪ್ಪಿಗೆ ಅಲ್ಲ.

ಹೆಂಡತಿ, ಅಳಿಯ ಜೊತೆಗೆ ಬಂದರು. ಡಾಕ್ಟರಮ್ಮ ನಡುವಯಸ್ಸಿನವರು, ಮೇಜಿನ ಮೇಲೆ ಆರಿದ ಚಹಾ. ಕಂಡಕ್ಟರನ ಕತೆಯನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

“ಆ ಭಯ ಸುಳ್ಳಲ್ಲ. ಅದಕ್ಕೇ ಈಗ ನಾವು ಹಣೆಗೆ ಎರಡು ಪಟ್ಟಿ ಅಂಟಿಸ್ತೀವಿ. ಅದು ಬೆಳಕು ಒಳಗೆ ಬಿಟ್ಟು, ಮಿದುಳಿನ ಮುಂಭಾಗದ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಅಂಕಿಯಲ್ಲಿ ತೋರಿಸುತ್ತೆ. ಕಡಿಮೆ ಆದ್ರೆ ಯಂತ್ರ ಕೂಗುತ್ತೆ, ನಾವು ಸರಿಮಾಡ್ತೀವಿ.”

ಮುಳ್ಳಣ್ಣನ ಬೆನ್ನು ನೆಟ್ಟಗಾಯಿತು. “ತಲೆ ತೂಗೋ ತಕ್ಕಡಿ.”

“ಹಾಗೇ ಅಂದ್ಕೊಳ್ಳಿ.”

“ಎಲ್ಲಿ, ತೋರ್ಸಿ.”

ಕಿರಿಯ ಡಾಕ್ಟರುಗಳ ಅಭ್ಯಾಸಕ್ಕೆಂದು ಇಟ್ಟಿದ್ದ ಒಂದು ಯಂತ್ರ ಪಕ್ಕದ ಕೋಣೆಯಲ್ಲಿತ್ತು. ಡಾಕ್ಟರಮ್ಮ ಅದನ್ನು ದೂಡಿಕೊಂಡು ಬಂದು ಅವನ ಹಣೆ ಒರೆಸಲು ಹೋದರು. ಅವನು ಕೈ ಅಡ್ಡ ಹಿಡಿದ. “ನನಗೆ ಆಮೇಲೆ. ಯಾವ ತಕ್ಕಡಿಯಾದ್ರೂ ಮೊದಲು ಖಾಲಿ ಇಟ್ಟು ಸೊನ್ನೆ ನೋಡ್ಬೇಕು. ಅಳಿಯಂದ್ರೇ, ಬನ್ನಿ, ಕೂತ್ಕೊಳ್ಳಿ.”

ಅಳಿಯ ಕೂತ. ಯಂತ್ರ ಸ್ವಲ್ಪ ಯೋಚಿಸಿ ಎಪ್ಪತ್ತೆರಡು ಎಂದಿತು.

“ಇದು ಒಳ್ಳೆ ಅಂಕಿಯಾ?” ಎಂದ ಮುಳ್ಳಣ್ಣ ಸಂಶಯದಿಂದ.

“ತುಂಬಾ ಒಳ್ಳೇದು.”

“ಯಂತ್ರ ಕೆಟ್ಟಿದೆ.”

ಹೆಂಡತಿಗೂ ಹಚ್ಚಿಸಿದ. ಅರವತ್ತೊಂಬತ್ತು. ಆಮೇಲೆ ತಾನು ಕೂತ, ಫೋಟೊ ತೆಗೆಸಿಕೊಳ್ಳುವವನ ಹಾಗೆ ಕತ್ತು ನೆಟ್ಟಗೆ ಮಾಡಿ. ಯಂತ್ರ ಈ ಸಲ ಹೆಚ್ಚು ಹೊತ್ತು ಯೋಚಿಸಿತು. ನಲವತ್ತೇಳು.

ಅಳಿಯ ಕಿಟಕಿಯ ಕಡೆ ತಿರುಗಿದ. ಅವನ ಭುಜಗಳು ಕುಣಿಯುತ್ತಿದ್ದವು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಗಾಬರಿ ಬೇಡ” ಎಂದರು ಡಾಕ್ಟರಮ್ಮ. “ಡಯಾಲಿಸಿಸ್ ಮಾಡಿಸಿಕೊಳ್ಳೋರಲ್ಲಿ ಇದು ಸಾಮಾನ್ಯವಾಗಿ ಕಡಿಮೆನೇ ಇರುತ್ತೆ. ರಕ್ತ ತೆಳ್ಳಗಾಗಿರುತ್ತೆ, ನಾಳಗಳು ಗಡುಸಾಗಿರುತ್ವೆ, ಸಕ್ಕರೆ ಬೇರೆ. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ.”

“ಇಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳ್ಬೇಡಿ ಡಾಕ್ಟ್ರೇ” ಎಂದಳು ಹೆಂಡತಿ. “ಈಗ ತಾನೇ ಒಂದು ದಾರಿ ಕಾಣಿಸ್ತಿದೆ.”

ಡಾಕ್ಟರಮ್ಮ ಮುಂದೆಯೂ ಏನೋ ವಿವರಿಸಿದರು: ಅವರವರ ಅಂಕಿ, ಅದರಿಂದ ಎಷ್ಟು ಇಳಿಯುತ್ತದೆ ಎಂಬುದು, ಹೀಗೆ. ಮುಳ್ಳಣ್ಣನ ಕಿವಿ ಅಲ್ಲಿರಲಿಲ್ಲ. ಅವನ ಕಣ್ಣು ಆ ನಲವತ್ತೇಳರ ಮೇಲೆ ನೆಟ್ಟಿತ್ತು. ಆದರೂ ಅಂಕಿ ತೋರಿಸುವ ಯಂತ್ರ ಇದೆ ಎಂಬುದೇ ಅವನಿಗೆ ಅರ್ಧ ಧೈರ್ಯ ಕೊಟ್ಟಿತ್ತು. ಕಾಗದಕ್ಕೆ ರುಜು ಹಾಕಿದ.

ಸುದ್ದಿ ಅವನಿಗಿಂತ ಮುಂಚೆ ಮಾರ್ಕೆಟ್ಟಿಗೆ ತಲುಪಿತ್ತು. ಅಳಿಯ ಹೇಳಿದ್ದು ಒಬ್ಬನಿಗೇ. ಆ ಒಬ್ಬ ಈರುಳ್ಳಿ ಮಂಡಿಯವನು. ಮುನಿಸಿಪಾಲಿಟಿಯ ಸಾಹೇಬರು ಕೆಲಸವಿಲ್ಲದಿದ್ದರೂ ಈ ಕಡೆ ಬಂದು, “ಏನಣ್ಣ, ಎಷ್ಟಂತೆ?” ಎಂದು ಕೇಳಿಹೋದರು. ಐವತ್ತು ಗ್ರಾಮಿನ ಕಾರ್ಯದರ್ಶಿ ಮೆಟ್ಟಿಲ ಕೆಳಗೆ ಬಗ್ಗಿ ಬಂದು, “ಪೊಟ್ಟಣ ಸೇರಿಸಿ ನಲವತ್ತೇಳಾ, ಬಿಟ್ಟಾ?” ಎಂದ. ಮುಳ್ಳಣ್ಣ ಎಲ್ಲರಿಗೂ ರಕ್ತದ ತೆಳುವು, ನಾಳದ ಗಡಸು ವಿವರಿಸಿದ. ವಿವರಿಸಿದಷ್ಟೂ ಜನ ತಲೆದೂಗಿದರು. ಪಾಪ, ಅವನಿಗೆ ಅರ್ಥವಾಗುತ್ತಿಲ್ಲ ಎಂಬಂತೆ.

ನಗೆಯನ್ನು ಅವನು ತಡೆದುಕೊಳ್ಳಬಲ್ಲ. ಏಟು ತಿಂದ ಮೈ, ನಗೆ ಯಾವ ಲೆಕ್ಕ? ಅವನನ್ನು ಕೊರೆಯುತ್ತಿದ್ದುದು ಬೇರೆಯದೇ. ಹಮಾಲರ ನಡುವೆ ಬೆಳೆದವನಿಗೆ ಒಂದು ಸಂಗತಿ ಗೊತ್ತಿತ್ತು: ಒಳ್ಳೆಯ ಮಾಲಿನ ಮೂಟೆಯನ್ನು ಮೆಲ್ಲಗೆ ಇಳಿಸುತ್ತಾರೆ, ಹುಳ ಹಿಡಿದ ಮೂಟೆಯನ್ನು ಎತ್ತಿ ಎಸೆಯುತ್ತಾರೆ. ಆಪರೇಷನ್ ಕೋಣೆಯಲ್ಲಿ ಹಣೆಯ ಮೇಲೆ ನಲವತ್ತೇಳು ಎಂದು ಬರೆದುಕೊಂಡು ಮಲಗಿದರೆ ಇವನದ್ದು ಮೊದಲೇ ಹೋದ ಮಾಲು ಎಂದುಕೊಳ್ಳರೇ? ಎಪ್ಪತ್ತೆರಡಕ್ಕೆ ತೋರಿಸುವ ಜಾಗ್ರತೆ ನಲವತ್ತೇಳಕ್ಕೆ ಯಾರು ತೋರಿಸುತ್ತಾರೆ?

ಡಯಾಲಿಸಿಸ್ ಕುರ್ಚಿಯಲ್ಲಿ ಕೂತಾಗ ಅವನ ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸುತ್ತಿದ್ದರು. ಅದೂ ಆಕ್ಸಿಜನ್ನನ್ನೇ ಅಳೆಯುವುದು. ಸುಮ್ಮನೆ ಕೂತರೆ ತೊಂಬತ್ತಾರು. ಜೋರಾಗಿ, ಬಿಡದೆ, ಉಸಿರು ಎಳೆದೆಳೆದು ಬಿಟ್ಟು ನೋಡಿದ. ತೊಂಬತ್ತೊಂಬತ್ತಕ್ಕೆ ಏರಿತು. ಮತ್ತೊಮ್ಮೆ ಮಾಡಿದ, ಮತ್ತೆ ಏರಿತು. ಬೆರಳಿಗೆ ಏರಿದ್ದು ಹಣೆಗೆ ಏರದೇ ಇರುತ್ತದೆಯೇ? ಗಾಳಿ ಗಾಳಿಯೇ, ಯಂತ್ರ ಯಂತ್ರವೇ.

ಅವತ್ತಿನಿಂದ ಮೆಟ್ಟಿಲ ಕೆಳಗೆ ಅಭ್ಯಾಸ ಶುರುವಾಯಿತು. ದಾರಿಹೋಕರಿಗೆ ಒಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾರೆ ಎನ್ನಿಸುತ್ತಿತ್ತು.

“ಏನ್ರೀ ಇದು ಕುಲುಮೆ ತಿದಿ ಹಾಗೆ?” ಎಂದಳು ಬುತ್ತಿ ತಂದ ಹೆಂಡತಿ.

“ಡಾಕ್ಟ್ರು ಹೇಳಿದಾರೆ.”

“ಯಾವ ಡಾಕ್ಟ್ರು?”

“ಎಲ್ಲಾ ಡಾಕ್ಟ್ರೂ ಹೇಳ್ತಾರೆ ಉಸಿರಾಡು ಅಂತ. ಬೇಡ ಅಂದವರು ಯಾರಾದ್ರೂ ಇದಾರಾ?”

ಆಪರೇಷನ್ನಿನ ಹಿಂದಿನ ದಿನ ಡಯಾಲಿಸಿಸ್ ಮಾಡಿ ಅವನನ್ನು ಒಣಗಿಸಿದರು. ಬೆಳಿಗ್ಗೆ ಹಸಿರು ಅಂಗಿ ತೊಡಿಸಿ ಗಾಲಿಮಂಚದಲ್ಲಿ ದೂಡಿಕೊಂಡು ಹೊರಟಾಗ ಮಗಳು ಅಳುತ್ತಿದ್ದಳು, ಅಳಿಯ ಗಾಲಿಮಂಚದ ಪಕ್ಕ ನಡೆಯುತ್ತಿದ್ದ.

“ಮಾವ, ಧೈರ್ಯವಾಗಿರಿ.”

“ತಾವು ಅಂಗಡಿ ಕಡೆ ನೋಡ್ಕೊಳ್ಳಿ ಅಳಿಯಂದ್ರೇ. ನನ್ನ ಕಲ್ಲುಗಳನ್ನ ಮುಟ್ಬೇಡಿ.”

ಒಳಗೆ ತಣ್ಣಗಿತ್ತು. ಮೇಲೆ ದೊಡ್ಡ ದೀಪಗಳು. ಡಾಕ್ಟರಮ್ಮ ಈಗ ಮುಖಕ್ಕೆ ಬಟ್ಟೆ ಕಟ್ಟಿದ್ದರು, ಕಣ್ಣಿನಿಂದ ಗುರುತು ಸಿಕ್ಕಿತು. ಹಣೆ ಒರೆಸಿ ಎರಡು ಪಟ್ಟಿ ಅಂಟಿಸಿದರು. “ಈಗ ಆರಾಮಾಗಿ ಮಲಗಿ. ಶುರುವಿನ ಅಂಕಿ ತಗೋತೀವಿ.”

ಮುಳ್ಳಣ್ಣ ಕಣ್ಣು ಮುಚ್ಚಿ ತಿದಿ ಶುರು ಮಾಡಿದ. ಎಳೆದ, ಬಿಟ್ಟ, ಎಳೆದ, ಬಿಟ್ಟ. ತುಟಿ ಜುಮ್ಮೆನ್ನತೊಡಗಿತು, ಬೆರಳ ತುದಿಗಳು ಮರಗಟ್ಟಿದವು, ತಲೆ ತೇಲಿದ ಹಾಗಾಯಿತು. ಅಂಕಿ ಏರುತ್ತಿರುವ ಗುರುತೇ ಇದು ಎಂದುಕೊಂಡ.

“ಹೆದರಿಕೊಂಡಿದಾರೆ” ಎಂದರು ಡಾಕ್ಟರಮ್ಮ ಪಕ್ಕದವರಿಗೆ. “ನಿಧಾನಕ್ಕೆ ಉಸಿರಾಡಿ ಅಣ್ಣ, ಏನೂ ಆಗಲ್ಲ.” ಅವನು ಹೂಂ ಎಂದು ತಲೆಯಾಡಿಸಿ ಇನ್ನೂ ಜೋರಾಗಿ ಎಳೆದ. ಡಾಕ್ಟರಮ್ಮ ಸ್ವಲ್ಪ ಕಾದರು. ಆಮೇಲೆ ಹೇಳಿದರು: “ಕಳೆದ ಸಲಕ್ಕಿಂತ ಇಳಿದಿದೆ. ನಲವತ್ತು ಅಂತ ಇಟ್ಕೊಳ್ಳಿ. ಇದರಲ್ಲಿ ಐದರಲ್ಲೊಂದು ಪಾಲು ಇಳಿದ್ರೆ, ಅಂದ್ರೆ ಮೂವತ್ತೆರಡಕ್ಕೆ ಬಂದ್ರೆ, ಕೂಗೋ ಹಾಗೆ ಮಾಡಿ.”

ಮುಳ್ಳಣ್ಣನ ಉಸಿರು ನಿಂತಿತು.

ಇಳಿದಿದೆ ಎಂಬುದು ಮೊದಲು ತಾಗಿತು. ಇಷ್ಟು ದಿನ ಗಾಳಿ ಹೊಡೆದು ಹೊಡೆದು ಇಳಿಸಿಕೊಂಡೆನೇ? ಆಮೇಲೆ ಎರಡನೆಯದು ತಾಗಿತು, ಅದು ಅವನ ಕಸುಬಿನದೇ ಆದ್ದರಿಂದ ಹೆಚ್ಚು ಆಳಕ್ಕೆ ತಾಗಿತು. ಇವರು ನೋಡುವುದು ಅಂಕಿ ದೊಡ್ಡದೋ ಸಣ್ಣದೋ ಎಂದಲ್ಲ. ಶುರುವಿನಿಂದ ಎಷ್ಟು ಇಳಿಯಿತು ಎಂದು. ಇದು ಅವನವನ ಸೊನ್ನೆ. ಮುಳ್ಳನ್ನು ಸೊನ್ನೆಯಿಂದ ಸರಿಸಿಟ್ಟರೆ ಆಮೇಲೆ ತೂಗಿದ್ದೆಲ್ಲ ಸುಳ್ಳು. ನಲವತ್ತೇಳು ಇರಬೇಕಾದ ಕಡೆ ನಲವತ್ತು ನಿಂತಿದೆ. ನಾಳೆ, ಅಲ್ಲ ಇನ್ನು ಸ್ವಲ್ಪ ಹೊತ್ತಿಗೆ, ತಲೆಗೆ ರಕ್ತ ಹೋಗದೆ ಮೂವತ್ತೈದಕ್ಕೆ ಬಿದ್ದರೂ ಯಂತ್ರ ಬಾಯಿ ಬಿಡುವುದಿಲ್ಲ. ಅವನು ಒಳಗೊಳಗೇ ಕಂಡಕ್ಟರ್ ಆಗುತ್ತಿರುತ್ತಾನೆ, ಎಲ್ಲರೂ ಅಂಕಿ ಸರಿಯಿದೆ ಎಂದು ಅವನ ಎದೆಯೊಳಗೆ ಕೈಯಿಟ್ಟುಕೊಂಡು ನಿಂತಿರುತ್ತಾರೆ.

ಅರಿವಳಿಕೆಯ ಮುಖವಾಡ ಮುಖದ ಹತ್ತಿರ ಬರುತ್ತಿತ್ತು. ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಮರ್ಯಾದೆ ಎಂದರೇನೆಂದು ತಿಳಿಯುವ ತಲೆಯೇ ಹೋಗುತ್ತದೆ. ಜೀವನದಲ್ಲಿ ಇಷ್ಟು ಇಕ್ಕಟ್ಟಿನ ತೂಕ ಅವನು ತೂಗಿರಲಿಲ್ಲ.

“ಡಾಕ್ಟರಮ್ಮ, ನಿಲ್ಸಿ” ಎಂದ. “ಹೆಬ್ಬೆಟ್ಟು ಇಟ್ಟಿದ್ದೆ.”

“ಏನು?”

“ತಟ್ಟೆ ಮೇಲೆ. ಹೆಬ್ಬೆಟ್ಟು.”

ಡಾಕ್ಟರಮ್ಮ ಪಕ್ಕದವರ ಮುಖ ನೋಡಿದರು. ಆಪರೇಷನ್ನಿಗೆ ಮುಂಚೆಯೇ ಇವನ ತಲೆ ಹೋಯಿತೇ ಎಂಬ ಪ್ರಶ್ನೆ ಆ ಎರಡು ಜೊತೆ ಕಣ್ಣುಗಳ ನಡುವೆ ಓಡಾಡಿತು. ಅವನು ಬಿಡಿಸಿ ಹೇಳಿದ: ಬೆರಳಿನ ಕ್ಲಿಪ್ಪು, ತೊಂಬತ್ತೊಂಬತ್ತು, ಮೆಟ್ಟಿಲ ಕೆಳಗಿನ ತಿದಿ. ವ್ಯಾಪಾರಿಗಳ ಕೈ ಹಿಡಿದು ಮೇಲೆತ್ತಿ ಜನರಿಗೆ ತೋರಿಸಿದವನು ಈಗ ತನ್ನ ಕೈಯನ್ನು ತಾನೇ ಎತ್ತಿ ತೋರಿಸಬೇಕಾಗಿತ್ತು. ಆ ಕೈಗೂ ಸೂಜಿ ಚುಚ್ಚಿ ಹಲಗೆಗೆ ಕಟ್ಟಿದ್ದರು.

ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. “ಅಷ್ಟು ಜೋರಾಗಿ ಉಸಿರಾಡಿದ್ರೆ ಮಿದುಳಿನ ರಕ್ತನಾಳ ಮುದುಡಿಕೊಳ್ಳುತ್ತೆ. ಬೆರಳಲ್ಲಿ ಏರುತ್ತೆ, ತಲೆಯಲ್ಲಿ ಇಳಿಯುತ್ತೆ. ಯಾಕೆ ಹೀಗೆ ಮಾಡಿದ್ರಿ?”

“ನಲವತ್ತೇಳು ಅಂದ್ರೆ ಹಾಳಾದ ಮಾಲು ಅಂತ ಎತ್ತಿ ಒಗೀತೀರಿ ಅಂದ್ಕೊಂಡೆ.”

“ಕಡಿಮೆ ಇರೋರನ್ನೇ ನಾವು ಹೆಚ್ಚು ನೋಡಿಕೊಳ್ಳೋದು. ಅವರಿಗೆ ಕಳೆದುಕೊಳ್ಳೋಕೆ ಜಾಸ್ತಿ ಇರಲ್ಲ.”

ಇಂಥ ಮಾತನ್ನು ಅವನು ಎಷ್ಟೋ ಸಭೆಗಳಲ್ಲಿ ಎಷ್ಟೋ ಮುಖಂಡರ ಬಾಯಲ್ಲಿ ಕೇಳಿದ್ದ. ಹೇಳಿದವರು ಹಾಗೆ ನಡೆದುಕೊಂಡಿದ್ದನ್ನು ಕಂಡದ್ದು ಕಡಿಮೆ. ಸುಮ್ಮನೆ ಮಲಗಿದ. ಎಲ್ಲರೂ ಕಾದರು. ನಲವತ್ಮೂರು, ನಲವತ್ತಾರು, ನಲವತ್ತೇಳು. ಅಲ್ಲೇ ನಿಂತಿತು.

“ಮೂವತ್ತೆಂಟಕ್ಕೆ ಕೂಗ್ಲಿ” ಎಂದರು ಡಾಕ್ಟರಮ್ಮ.

“ಇನ್ನೊಂದು ಸಲ ನೋಡ್ಕೊಳ್ಳಿ” ಎಂದ ಮುಳ್ಳಣ್ಣ. ಮುಖವಾಡ ಅವನ ಬಾಯಿ ಮುಚ್ಚಿತು. ಮಾರ್ಕೆಟ್ಟಿನಲ್ಲಿ ಬಹಳ ಮಂದಿ ಬಹಳ ವರ್ಷದಿಂದ ಮಾಡಬಯಸಿದ್ದ ಕೆಲಸ ಅದು.

ಹೊರಗೆ ಬೆಂಚಿನ ಮೇಲೆ ಮನೆಯವರು ದಿನವಿಡೀ ಕೂತರು. ಸಂಜೆ ಡಾಕ್ಟರಮ್ಮ ಬಂದು, ಕವಾಟ ಚೆನ್ನಾಗಿ ಕೂತಿದೆ ಎಂದರು. “ಒಂದು ಸಲ ಮಿದುಳಿನ ಅಂಕಿ ಮೂವತ್ತಾರಕ್ಕೆ ಇಳಿದಿತ್ತು. ಯಂತ್ರ ಕೂಗಿತು, ಒತ್ತಡ ಏರಿಸಿ ರಕ್ತ ಕೊಟ್ವಿ, ಬೇಗ ಮೇಲೆ ಬಂತು. ಅವರು ಹೆಬ್ಬೆಟ್ಟು ತೆಗೀದೇ ಇದ್ದಿದ್ರೆ ಅದು ಕೂಗ್ತಾನೇ ಇರಲಿಲ್ಲ.” ಹೆಬ್ಬೆಟ್ಟಿನ ಕತೆಯನ್ನೂ ಹೇಳಿದರು.

ಹೆಂಡತಿ ಬೆಂಚಿನಿಂದ ಎದ್ದು ನಿಂತಳು. “ಇವರು ತಪ್ಪು ಒಪ್ಪಿಕೊಂಡ್ರಾ? ಬಾಯಿಬಿಟ್ಟು? ನನಗೆ ಅದೇ ಭಯ ಆಗ್ತಿದೆ. ತಲೆಗೆ ಏನೋ ಆಗಿದೆ.”

ಅವನು ಮಾರನೆಯ ದಿನ ಕಣ್ಣು ಬಿಟ್ಟ. ಗಂಟಲಿನ ಕೊಳವೆ ತೆಗೆದ ಮೇಲೂ ಮಾತಾಡಲಿಲ್ಲ, ಛಾವಣಿ ನೋಡುತ್ತ ಮಲಗಿದ್ದ. ಮಧ್ಯಾಹ್ನ ಒಬ್ಬ ಎಳೆಯ ನರ್ಸಮ್ಮ ಬಂದಳು. ಹೃದಯದ ಆಪರೇಷನ್ ಆದವರ ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ನೋಡಲು ಕೇಳುವ ಕೆಲವು ಪ್ರಶ್ನೆಗಳಿವೆ. ಹೌದು ಅಥವಾ ಇಲ್ಲ ಎಂದರೆ ಸಾಕು. ಮನೆಯವರು ಗಾಜಿನ ಬಾಗಿಲಾಚೆ ನಿಂತು ಅವಳ ತುಟಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳು ಹೊರಗೆ ಬಂದಳು, ಮುಖ ಬಾಡಿತ್ತು.

“ಸ್ವಲ್ಪ ಗೊಂದಲ ಇದೆ ಅಮ್ಮ. ಪ್ರಶ್ನೆಗೆ ಸರಿಯಾದ ಉತ್ತರ ಬರ್ತಿಲ್ಲ.”

ಮಗಳು ಗೋಡೆಗೆ ಒರಗಿದಳು. ಅಳಿಯನ ಬಾಯಿಂದ “ಕಂಡಕ್ಟರ್” ಎಂಬ ಮಾತು ತಾನಾಗಿ ಹೊರಬಿತ್ತು. ಹೆಂಡತಿ ನರ್ಸಮ್ಮನ ಕೈ ಹಿಡಿದುಕೊಂಡಳು.

“ನೀವು ಏನು ಕೇಳಿದ್ರಿ, ಅವರು ಏನಂದ್ರು? ಒಂದಕ್ಷರ ಬಿಡದೆ ಹೇಳಿ.”

“ಕಲ್ಲು ನೀರಲ್ಲಿ ತೇಲುತ್ತಾ ಅಂದೆ. ದೋಣಿಯಲ್ಲಿಟ್ರೆ ತೇಲುತ್ತೆ ಅಂದ್ರು.”

ಹೆಂಡತಿಯ ಹಿಡಿತ ಸ್ವಲ್ಪ ಸಡಿಲವಾಯಿತು. “ಆಮೇಲೆ?”

“ಸಮುದ್ರದಲ್ಲಿ ಮೀನು ಇರುತ್ವಾ ಅಂದೆ. ದೊಡ್ಡ ಬಲೆಯವರು ಉಳಿಸಿದ್ರೆ ಇರುತ್ವೆ ಅಂದ್ರು. ಸುತ್ತಿಗೆಯಿಂದ ಮೊಳೆ ಹೊಡೀಬಹುದಾ ಅಂದ್ರೆ, ಅಳಿಯಂದ್ರ ಕೈಗೆ ಕೊಟ್ರೆ ಆಗಲ್ಲ ಅಂತಾರೆ. ಅದು ಯಾಕೆ ಹಾಗಂದ್ರೋ ಗೊತ್ತಾಗ್ಲಿಲ್ಲ.”

“ನನಗೆ ಗೊತ್ತಾಯ್ತು” ಎಂದ ಅಳಿಯ.

“ಕೊನೇದು ತುಂಬಾ ಸುಲಭ. ಒಂದು ಕಿಲೋ ಎರಡು ಕಿಲೋಗಿಂತ ಜಾಸ್ತಿ ತೂಗುತ್ತಾ ಅಂತ. ಅದಕ್ಕೆ ನನ್ನನ್ನೇ ದುರುಗುಟ್ಟಿ ನೋಡಿ, ‘ತೂಗೋದು ಯಾರು?’ ಅಂದ್ರು.”

ಹೆಂಡತಿ ಬೆಂಚಿನ ಮೇಲೆ ಕುಸಿದು ಕೂತಳು. ನರ್ಸಮ್ಮ ನೀರು ತರಲು ಓಡಿದಳು. ವಾಪಸು ಬಂದು ನೋಡಿದರೆ ಆ ಹೆಂಗಸು ಅಳುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಪೂರ್ತಿ ಬಂದಿದಾರೆ” ಎಂದಳು ಮಗಳಿಗೆ. “ಒಂದು ಗ್ರಾಮೂ ಕಮ್ಮಿಯಾಗಿಲ್ಲ. ಸ್ವಲ್ಪ ಕಮ್ಮಿಯಾಗಿದ್ರೂ ನಡೀತಿತ್ತು.”

ಆದರೆ ಆಸ್ಪತ್ರೆಗೆ ಹೆಂಡತಿಯ ನಗು ಪುರಾವೆಯಲ್ಲ. ಉತ್ತರ ತಪ್ಪಾದವರನ್ನು ವಾರ್ಡಿಗೆ ಕಳಿಸುವಂತಿಲ್ಲ. ಡಾಕ್ಟರಮ್ಮ ನಕ್ಕರೂ, ನಾಳೆ ಇನ್ನೊಂದು ಸಲ ಕೇಳಲಿ ಎಂದೇ ಹೇಳಿ ಹೋದರು. ಬುದ್ಧಿ ನೆಟ್ಟಗಿದ್ದ ತಪ್ಪಿಗೆ ಮುಳ್ಳಣ್ಣ ತೀವ್ರ ನಿಗಾದ ಕೋಣೆಯಲ್ಲಿ ಇನ್ನೊಂದು ದಿನ ಉಳಿಯಬೇಕಾಯಿತು. ಹೆಂಡತಿ ಒಳಗೆ ಹೋಗಿ ಕಿವಿಯಲ್ಲಿ ಹೇಳಿದಳು.

“ನಾಳೆ ಬರೀ ಹೌದು, ಇಲ್ಲ ಅನ್ನಿ. ಬಾಲ ಸೇರಿಸ್ಬೇಡಿ.”

“ಪ್ರಶ್ನೆನೇ ಸರಿಯಿಲ್ಲ. ಯಾರ ತಕ್ಕಡಿ ಅಂತ ಹೇಳ್ದೆ...”

“ಸರಿಯಿಲ್ಲ, ಒಪ್ದೆ. ಮನೆಗೆ ಬರೋ ಯೋಚನೆ ಇದೆಯಾ, ಇಲ್ಲೇ ಸಂಘ ಕಟ್ತೀರಾ?”

“ಅರ್ಧ ನಿಜ ಹೇಳು ಅಂತೀಯ.”

“ಹೂಂ. ಮಾರ್ಕೆಟ್ಟೆಲ್ಲ ಅದರ ಮೇಲೇ ನಡೀತಿದೆ ಅಂತ ನೀವೇ ಹೇಳ್ತೀರಲ್ಲ.”

ಮಾರನೆಯ ದಿನ ನರ್ಸಮ್ಮ ಮತ್ತೆ ಬಂದಳು. ಮುಳ್ಳಣ್ಣ ಗೋಡೆಯ ಕಡೆ ಮುಖ ಮಾಡಿ, ಸುಳ್ಳು ತಕ್ಕಡಿಗೆ ಮುದ್ರೆ ಒತ್ತುವವನ ದನಿಯಲ್ಲಿ ಉತ್ತರ ಕೊಟ್ಟ. ಕಲ್ಲು ತೇಲುವುದಿಲ್ಲ. ಮೀನು ಇವೆ. ಸುತ್ತಿಗೆಯಿಂದ ಮೊಳೆ ಹೊಡೆಯಬಹುದು, ಯಾರಾದರೂ. ಒಂದು ಕಿಲೋ ಎರಡು ಕಿಲೋಗಿಂತ ಕಡಿಮೆ. ನರ್ಸಮ್ಮ ಸಂತೋಷದಿಂದ, “ನೋಡಿ, ಇವತ್ತು ಎಷ್ಟು ಚೆನ್ನಾಗಿ ಹೇಳಿದ್ರಿ ತಾತ” ಎಂದಳು. ವಯಸ್ಸಿಗೆ ಬಂದ ಮೇಲೆ ಮೊದಲ ಸಲ ಅವನ ಬುದ್ಧಿ ಸರಿಯಿದೆ ಎಂದು ಒಬ್ಬರು ಒಪ್ಪಿದ್ದರು, ಅದೂ ಅವನು ಯೋಚನೆ ಮಾಡುವುದನ್ನು ನಿಲ್ಲಿಸಿದ ದಿನ.

ಮನೆಗೆ ಬಂದು, ಎದೆಯ ಹೊಲಿಗೆ ಒಣಗಿ, ಮತ್ತೆ ಮೊದಲಿನ ಡಯಾಲಿಸಿಸ್ ಕೇಂದ್ರಕ್ಕೆ ಹೋದ ದಿನ ಅವನು ತೂಕದ ಯಂತ್ರದ ಕಾಲ ಕೆಳಗೆ ಬಗ್ಗಿ ನೋಡಿದ. ರಟ್ಟು ಇದ್ದ ಜಾಗದಲ್ಲೇ ಇತ್ತು. ಆಮೇಲೆ ಹೋಗಿ ತನ್ನ ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿ ಕಂಡಕ್ಟರ್ ಕೊಳವೆಗಳ ನಡುವೆ ಸುಮ್ಮನೆ ಕೂತಿದ್ದ. ಮುಳ್ಳಣ್ಣ ಅವನನ್ನು ಬಹಳ ಹೊತ್ತು ನೋಡಿದ. ಇವನನ್ನೂ ಯಾರಾದರೂ ಕಲ್ಲು ತೇಲುತ್ತದೆಯೇ ಎಂದು ಕೇಳಿರಬೇಕು. ಏನು ಹೇಳಿದನೋ, ಅದನ್ನು ಕೇಳಿಸಿಕೊಳ್ಳಲು ಗಾಜಿನಾಚೆ ಯಾರು ನಿಂತಿದ್ದರೋ.

“ಏ ಕಂಡಕ್ಟರ್” ಎಂದ. “ಒಂದು ಕಿಲೋ ಎರಡು ಕಿಲೋಗಿಂತ ಜಾಸ್ತಿ ತೂಗುತ್ತೇನಯ್ಯ?”

ಕಂಡಕ್ಟರ್ ಮೆಲ್ಲಗೆ ತಲೆ ತಿರುಗಿಸಿ ಅವನನ್ನು ನೋಡಿದ.

“ಮುಂದೆ ಹೋಗಿ.”

“ಕೇಳಿದ್ರಾ?” ಎಂದ ಮುಳ್ಳಣ್ಣ, ಬುತ್ತಿ ಚೀಲ ಹಿಡಿದು ನಿಂತಿದ್ದ ಅಳಿಯನಿಗೆ. “ನಾನು ಅವತ್ತು ಹೇಳಬೇಕಾಗಿದ್ದು ಅದೇ. ಇವನ ತಲೆ ತಮ್ಮದಕ್ಕಿಂತ ನೂರು ಗ್ರಾಂ ಜಾಸ್ತಿ ಇದೆ ಅಳಿಯಂದ್ರೇ.”

“ಯಾರ ತಕ್ಕಡಿಯಲ್ಲಿ ಮಾವ?” ಎಂದ ಅಳಿಯ.

ಅಷ್ಟರಲ್ಲಿ ನರ್ಸು ಬಂದು ಮುಳ್ಳಣ್ಣನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದಳು. ಅವಳು ಹೋಗುವವರೆಗೂ ಅವನು ಬಲು ಜಾಗ್ರತೆಯಿಂದ, ಮೆಲ್ಲಗೆ ಉಸಿರಾಡಿದ.